ಗುಲ್ಮಾರ್ಗಕ್ಕೆ ಅಮ್ಮನವರ ಅಪ್ಪಣೆ

ಕೇಬಲ್ ಕಾರು ಅರ್ಧ ದಾರಿಯಲ್ಲಿ ಕೆಟ್ಟು ನಿಂತು ನಾವು ಆರೂ ಜನ ಆಕಾಶದಲ್ಲಿ ತೂಗಾಡಬಹುದಿತ್ತು. ಗುಡ್ಡದ ಹಿಮವೆಲ್ಲ ಒಮ್ಮೆಲೇ ಕುಸಿದು ಮೈಮೇಲೆ ಬರಬಹುದಿತ್ತು. ಇಲ್ಲವೇ ಹಿಮವೇ ಬೀಳದೆ, ಕಂದು ಹುಲ್ಲು ನೋಡಿಕೊಂಡು ಬೆಚ್ಚಗಿನ ಟೋಪಿ ಹಾಕಿಕೊಂಡು ವಾಪಸು ಬರಬೇಕಾಗಬಹುದಿತ್ತು. ತೆಳು ಹಿಮದಡಿ ಅಡಗಿದ ಬಂಡೆಗೆ ತಾಗಿ ಇಸ್ಮಾಯಿಲನ ಮೊದಲೇ ಹಾಳಾದ ಮೊಣಕಾಲು ಪೂರ್ತಿ ಹೋಗಬಹುದಿತ್ತು. ಎತ್ತರದ ಗಾಳಿಗೆ ನಾಗೇಶನ ಬಿಪಿ ಏರಬಹುದಿತ್ತು, ನನ್ನದು ಇಳಿಯಬಹುದಿತ್ತು. ವಿಮಾನ ತಪ್ಪಬಹುದಿತ್ತು. ವಿಮಾನ ಸಿಕ್ಕಿ ಸಾಮಾನು ತಪ್ಪಬಹುದಿತ್ತು. ಕಾಲಿನ ಹೆಬ್ಬೆರಳು ಹೆಪ್ಪುಗಟ್ಟಿ ಕಪ್ಪಾಗಬಹುದಿತ್ತು. ಇತ್ತ ಕುಮಟೆಯಲ್ಲಿ ನಮ್ಮ ಮನೆಯ ನೀರಿನ ಟ್ಯಾಂಕು ತುಂಬಿ ಹರಿಯುತ್ತಲೇ ಇರಬಹುದಿತ್ತು, ಏಕೆಂದರೆ ಹೊರಡುವ ಗಡಿಬಿಡಿಯಲ್ಲಿ ಪಂಪು ಆರಿಸಿದ್ದು ನನಗೆ ನೆನಪಿರಲಿಲ್ಲ. ಹೆಂಡತಿ ಮನೆಯಲ್ಲೇ ಇದ್ದಾಳೆ, ಅವಳಿಗೂ ಎರಡು ಕೈಗಳಿವೆ ಎಂಬುದು ಹೊಳೆದದ್ದು ಶ್ರೀನಗರದಲ್ಲಿ ಇಳಿದ ಮೇಲೆ.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ಜೊತೆ ಕೈಗವಸು. ಮಳೆಗಾಲಕ್ಕೆ ಮೊದಲು ಕಪಾಟಿನ ಬಟ್ಟೆಗೆಲ್ಲ ಬಿಸಿಲು ತೋರಿಸುವುದು ನಮ್ಮ ಕಡೆಯ ಪದ್ಧತಿ. ಮೊನ್ನೆ ಸುಮನಾ, ಅಂದರೆ ನನ್ನ ಹೆಂಡತಿ, ಆ ದಪ್ಪ ಕೈಗವಸುಗಳನ್ನು ನಾನು ಉಡುವ ಪಂಜಿ ಮತ್ತು ಟವೆಲುಗಳ ನಡುವೆ ಹಗ್ಗಕ್ಕೆ ನೇತುಹಾಕಿದ್ದಳು. ಮೀನು ತರುವ ಹೆಂಗಸು ಬುಟ್ಟಿ ಇಳಿಸಿ ಅವನ್ನು ಬಹಳ ಹೊತ್ತು ನೋಡಿ, "ಇದು ಎಂತಕೆ ಬರ್ತದೆ ಅಮ್ಮ?" ಎಂದು ಕೇಳಿದಳು. "ನಮ್ಮನೆಯವರು ಬರ್ಫದಲ್ಲಿ ಆಡೂಕೆ ಹೋಗಿದ್ರು" ಎಂದಳು ಸುಮನಾ. ಹೆಂಗಸು ತನ್ನ ಬುಟ್ಟಿಯಲ್ಲಿ ಬಂಗಡೆಯ ಮೇಲೆ ಹರಡಿದ್ದ ಬರ್ಫವನ್ನೊಮ್ಮೆ, ಜಗಲಿಯಲ್ಲಿ ಕೂತ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಬಂಗಡೆ ಎಣಿಸತೊಡಗಿದಳು. ಏನಾದರೂ ಹೇಳಿದ್ದರೆ ಒಳ್ಳೆಯದಿತ್ತು.

ಅವಳ ಆಶ್ಚರ್ಯದಲ್ಲಿ ತಪ್ಪೇನಿದೆ? ನಮ್ಮ ಕರಾವಳಿಯಲ್ಲಿ ಬರ್ಫವೆಂದರೆ ಮೀನಿನ ಸಂಬಂಧಿಕ. ಚಿಕ್ಕವನಿದ್ದಾಗ ಹೊನ್ನಾವರದ ಬಂದರಿನಲ್ಲಿ ಬರ್ಫದ ಗಟ್ಟಿಗಳನ್ನು ಜಾರಿಸುತ್ತ ತಂದು ಮರದ ಕೊಡತಿಯಿಂದ ಪುಡಿ ಮಾಡುತ್ತಿದ್ದರು. ಸಿಡಿದ ಚೂರನ್ನು ಆರಿಸಿ ಬಾಯಿಗೆ ಹಾಕಿಕೊಂಡರೆ ಮೊದಲು ತಂಪು, ಆಮೇಲೆ ತಾರ್ಲೆ ಮೀನಿನ ರುಚಿ. ಉಳಿದ ಹುಡುಗರು ಅದನ್ನು ಚೀಪಿ ಆಟಕ್ಕೆ ಓಡುತ್ತಿದ್ದರು. ನಾನು ಮನೆಗೆ ಹೋಗಿ ಅಮ್ಮನಿಗೆ ಹೇಳಿ, ನನಗೆ ವಾಂತಿಭೇದಿ ಆಗುವುದೋ ಎಂದು ಸಂಜೆಯವರೆಗೆ ಕಾಯುತ್ತಿದ್ದೆ. ಆಗುತ್ತಿರಲಿಲ್ಲ. ಆಗದೆ ಇದ್ದದ್ದೂ ಒಂದು ಚಿಂತೆಯೇ, ನಾಳೆಗೆ ಇಟ್ಟುಕೊಂಡಿದೆಯೋ ಏನೋ ಎಂದು.

ಜಾರುವ ಆಟವೂ ನಮಗೆ ಹೊಸದಲ್ಲ. ಅಪ್ಸರಕೊಂಡದ ಮೇಲಿನ ಗುಡ್ಡದಲ್ಲಿ ದೀಪಾವಳಿ ಕಳೆದ ಮೇಲೆ ಹುಲ್ಲು ಒಣಗಿ ಎಣ್ಣೆ ಸವರಿದಂತಾಗುತ್ತದೆ. ತೆಂಗಿನ ಮಡಲಿನ ದಪ್ಪ ಬುಡದ ಮೇಲೆ ಕೂತು, ಸಮುದ್ರವನ್ನು ಎದುರಿಗಿಟ್ಟುಕೊಂಡು ಹುಡುಗರು ಕೆಳಗೆ ಜಾರುತ್ತಿದ್ದರು. ನನ್ನ ಪಾಲಿಗೆ ಬಂದ ಕೆಲಸ ಎಲ್ಲರ ಚಪ್ಪಲಿ ಕಾಯುವುದು. ಯಾರೂ ಅದನ್ನು ವಹಿಸಿರಲಿಲ್ಲ, ನಾನೇ ಕೇಳಿ ಪಡೆದದ್ದು. ಇಂಥವನು ದೊಡ್ಡವನಾಗಿ ಕುಮಟೆಯಲ್ಲಿ ಔಷಧದ ಅಂಗಡಿ ಇಟ್ಟದ್ದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಹಾಗಾದರೆ ಐವತ್ತು ದಾಟಿದ ಮೇಲೆ, ಹಿಮದಲ್ಲಿ, ಅದೂ ದಾರಿಯಿಲ್ಲದ ಹಿಮದಲ್ಲಿ ಜಾರುವ ತಂಡದೊಳಗೆ ನಾನು ಹೇಗೆ ಸೇರಿದೆ? ಅದಕ್ಕೆ ಭಟ್ಕಳದ ಇಸ್ಮಾಯಿಲನ ಕತೆ ಹೇಳಬೇಕು.

ಇಸ್ಮಾಯಿಲ್, ನಾಗೇಶ, ನಾನು ಹೊನ್ನಾವರದಲ್ಲಿ ಕಾಲೇಜು ಕಲಿತವರು. ಒಂದೇ ಬೆಂಚು. ನಾಗೇಶ ಈಗ ಹೊನ್ನಾವರದಲ್ಲೇ ಪೈಪು, ನಲ್ಲಿ, ಪೇಂಟಿನ ಅಂಗಡಿಯವನು. ಇಸ್ಮಾಯಿಲ್ ಓದು ಮುಗಿಸಿ ಅವರ ಊರಿನ ರೂಢಿಯಂತೆ ದುಬೈಗೆ ಹೋದ. ಬಟ್ಟೆ ಅಂಗಡಿ, ಸೆಂಟಿನ ಅಂಗಡಿ ಎಲ್ಲ ಮುಗಿಸಿ ಕೊನೆಗೆ ಸೇರಿದ್ದು ಒಂದು ಮಾಲಿಗೆ. ಅದರೊಳಗೆ ಯಂತ್ರದಿಂದ ಹಿಮ ಮಾಡಿ ಸುರಿದ ಒಂದು ದೊಡ್ಡ ಹಾಲ್ ಇತ್ತಂತೆ. ಹೊರಗೆ ಮರಳುಗಾಡು ಬಿಸಿಲಿಗೆ ಕಾಯುತ್ತಿದ್ದರೆ ಒಳಗೆ ಜನ ಸ್ವೆಟರ್ ಹಾಕಿಕೊಂಡು, ಕಾಲಿಗೆ ಉದ್ದನೆಯ ಹಲಗೆ ಕಟ್ಟಿ ಜಾರುತ್ತ ಸ್ಕೀ ಮಾಡುತ್ತಿದ್ದರು. ಇವನು ಮೊದಲು ಅಲ್ಲಿ ಬಂದವರ ಕಾಲಿನ ಅಳತೆಗೆ ಬೂಟು ಕೊಡುವವನು. ಬಿಡುವಿನಲ್ಲಿ ಕಲಿತು, ಬಿದ್ದು, ಮತ್ತೆ ಕಲಿತು, ಕೊನೆಗೆ ಮಕ್ಕಳಿಗೆ ಕಲಿಸುವವನಾದ. ವರ್ಷಗಟ್ಟಲೆ ಅದೇ ಇಳಿಜಾರಿನಲ್ಲಿ ಮೇಲೆ ಹೋಗಿ ಕೆಳಗೆ ಬಂದ. ಇಳಿಜಾರು ಮುಗಿಯುವಲ್ಲಿ ಒಂದು ಗಾಜಿನ ಗೋಡೆ. ಅದರ ಆಚೆ ಜನ ಐಸ್‌ಕ್ರೀಮು ತಿನ್ನುತ್ತ ಇವನು ಬೀಳುವುದನ್ನೇ ಕಾಯುತ್ತಿದ್ದರು.

ಆದರೆ ಅವನು ಆಕಾಶದಿಂದ ಬಿದ್ದ ಹಿಮವನ್ನು ಒಮ್ಮೆಯೂ ನೋಡಿರಲಿಲ್ಲ. ರಜೆ ಬಂತೆಂದರೆ ಭಟ್ಕಳಕ್ಕೆ ಬರಬೇಕು, ಇಲ್ಲಿ ತಂಗಿಯರ ಮದುವೆ, ಮನೆಯ ಸ್ಲ್ಯಾಬು, ತಾಯಿಯ ಕಣ್ಣು. ಈಗ ಕೆಲಸ ಬಿಟ್ಟು ಪೂರ್ತಿಯಾಗಿ ಊರಿಗೆ ಬಂದಿದ್ದ. ಬರುವಾಗ ಎಡ ಮೊಣಕಾಲು ಸವೆದು ಹೋಗಿತ್ತು. ಹೊಸ ವರ್ಷ ಹುಟ್ಟಿದ ಕೂಡಲೇ ಮೊಣಕಾಲು ಬದಲಿಸುವುದೆಂದು ಮಂಗಳೂರಿನಲ್ಲಿ ತೀರ್ಮಾನವಾಯಿತು. ಆಮೇಲೆ ನಡೆಯಬಹುದು, ಮೆಟ್ಟಿಲು ಹತ್ತಬಹುದು. ಸ್ಕೀ ಮಾತ್ರ ಮುಗಿಯಿತು ಎಂದು ಡಾಕ್ಟರು ಹೇಳಿದ್ದರು. ಅದಕ್ಕೂ ಮೊದಲು ಒಮ್ಮೆ ಹೋಗಬಹುದೋ ಎಂದು ಇವನು ಕೇಳಿದಾಗ ಅವರು ತಲೆಯಾಡಿಸುತ್ತ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಒಂದೇ ಒಂದು ಸಲ, ಮೆತ್ತನೆ ಜಾಗದಲ್ಲಿ ಎಂದರಂತೆ.

ಹೊನ್ನಾವರದ ಹೊಟೇಲಿನಲ್ಲಿ ಬನ್ಸು ಮುರಿಯುತ್ತ ಅವನು ಇದನ್ನು ಹೇಳಿದ. ಯಂತ್ರ ಓಡಿಸಿ ತಟ್ಟಿ ಸಮ ಮಾಡಿದ ದಾರಿ ತನಗೆ ಬೇಡ, ಅದು ದುಬೈಯಲ್ಲೇ ಸಾಕಾಗಿದೆ ಎಂದ. ಆ ದಾರಿಗೆ ಫ್ರೆಂಚಿನಲ್ಲಿ ಪಿಸ್ಟ್ ಎನ್ನುತ್ತಾರಂತೆ. ಅದನ್ನು ಬಿಟ್ಟು ಪಕ್ಕದ ತುಳಿಯದ ಹಿಮಕ್ಕೆ ಇಳಿದರೆ ಅದು ಆಫ್ ಪಿಸ್ಟ್.

"ಅಂದ್ರೆ ಡಾಂಬರು ಬಿಟ್ಟು ಗದ್ದೆಗೆ ಇಳಿಯೂದು" ಎಂದ ನಾಗೇಶ.

"ಹಾಂ, ಅದೇ. ಕಾಲು ಬದಲಿಸೂಕೆ ಮೊದ್ಲು ಒಂದ್ಸಲ ಗದ್ದೆಗೆ ಇಳೀಬೇಕು ನಂಗೆ" ಎಂದ ಇಸ್ಮಾಯಿಲ್.

ಅದನ್ನು ಅವನು ನಗುತ್ತಲೇ ಹೇಳಿದ. ನಾವು ನಗಲಿಲ್ಲ. ನಾಗೇಶ ಆಗಲೇ ಫೋನ್ ತೆಗೆದು ಇನ್ನೂ ಮೂವರನ್ನು ಸೇರಿಸಿ ತಂಡ ಕಟ್ಟಿದ. ಸ್ಕೀ ಮಾಡುವವನು ಒಬ್ಬ, ನೋಡುವವರು ಐವರು. ಡಿಸೆಂಬರ್ ಮೊದಲ ವಾರವೇ ಆಗಬೇಕು. ಎಲ್ಲಿಗೆ ಎಂಬುದೊಂದೇ ಉಳಿದದ್ದು.

ಅಷ್ಟು ಬೇಗ ಹಿಮ ಬೀಳುತ್ತದೆಂದು ಯಾರೂ ಭರವಸೆ ಕೊಡುವುದಿಲ್ಲ ಎಂಬುದು ತಿಳಿದದ್ದು ಆಮೇಲೆ. ನಾಗೇಶನಿಗೆ ಉತ್ತರಾಖಂಡದ ಔಲಿ ಆಗಬೇಕು, ಏಕೆಂದರೆ ದಾರಿಯಲ್ಲಿ ಹರಿದ್ವಾರ ಸಿಗುತ್ತದೆ, ಅಷ್ಟು ದೂರ ಹೋಗಿ ಪುಣ್ಯ ಬಿಟ್ಟು ಬರುವುದೇಕೆ. ಇಸ್ಮಾಯಿಲನ ಮನಸ್ಸು ಗುಲ್ಮಾರ್ಗದ ಮೇಲೆ, ಅಲ್ಲಿ ಕೇಬಲ್ ಕಾರು ಬಹಳ ಮೇಲಿನವರೆಗೆ ಹೋಗುತ್ತದೆ, ಕೆಳಗೆ ಇಲ್ಲದಿದ್ದರೂ ಮೇಲೆ ಹಿಮ ಇದ್ದೀತು. ನನಗೆ ಎರಡೂ ಬೇಡ, ಎರಡೂ ಬೇಕು. ಒಂದೊಂದರಲ್ಲೂ ಆಗಬಹುದಾದ ಅನಾಹುತಗಳನ್ನು ಹೋಲಿಸಿ ನೋಡಿದರೆ ಸರಿಸಮವಾಗಿ ಬರುತ್ತಿತ್ತು.

ಎರಡೂ ಕಡೆಯ ಹೊಟೇಲುಗಳು ಗುಡ್ಡದ ಕಡೆಗೆ ಕ್ಯಾಮೆರಾ ಇಟ್ಟು ನೇರ ಚಿತ್ರ ತೋರಿಸುತ್ತವೆ. ನನಗೆ ಅದರ ಚಟ ಹತ್ತಿತು. ಬೆಳಿಗ್ಗೆ ಎದ್ದವನೇ ಬೆವರು ಒರೆಸಿಕೊಂಡು ಗುಲ್ಮಾರ್ಗದ ಹುಲ್ಲು ನೋಡುವುದು, ಅಂಗಡಿ ತೆರೆದು ಔಲಿಯ ಹುಲ್ಲು ನೋಡುವುದು. ಗಿರಾಕಿ ಕೆಮ್ಮಿನ ಔಷಧ ಕೇಳಿದರೆ "ಇನ್ನೂ ಬಿದ್ದಿಲ್ಲ" ಎನ್ನುತ್ತಿದ್ದೆ. ಸುಮನಾ ಒಂದು ದಿನ ಹಿಂದಿನಿಂದ ಇಣುಕಿ, "ಬರೀ ಗುಡ್ಡೆ ನೋಡೂಕೆ ಎಂತಕ್ಕೆ ಫೋನು? ಹಿತ್ಲಿಗೆ ಹೋಗಿ, ಅಲ್ಲೂ ಅದೆ" ಎಂದಳು.

ಮಳೆಗಾಲ ಮುಗಿದು ಮೀನುಗಾರಿಕೆ ತೆರೆಯುವ ದಿನಗಳು ನನಗೆ ಆಗ ನೆನಪಾಗುತ್ತಿದ್ದವು. ಶರಾವತಿ ಕಡಲಿಗೆ ಸೇರುವ ಅಳಿವೆಯಲ್ಲಿ ಪ್ರತಿ ಮಳೆಗಾಲಕ್ಕೂ ಮರಳಿನ ದಿಬ್ಬ ಜಾಗ ಬದಲಿಸುತ್ತದೆ. ಹೋದ ವರ್ಷ ದೋಣಿ ದಾಟಿದ ಜಾಗದಲ್ಲಿ ಈ ವರ್ಷ ಮೊಣಕಾಲುದ್ದ ನೀರು. ಹಾಗಾಗಿ ಮೊದಲ ದೋಣಿ ಹೊರಡುವ ದಿನ ದಡದಲ್ಲಿ ನಿಂತವರ ಮಾತು ಕಡಿಮೆಯಾಗುತ್ತದೆ. ಬಂದರಿನ ಹತ್ತಿರದ ಬಾಡಿಗೆ ಮನೆಯಲ್ಲಿ ಬೆಳೆದ ನಾನು ಅದನ್ನು ಎಷ್ಟೋ ಸಲ ನೋಡಿದ್ದೇನೆ. ದೋಣಿ ಅಲೆಯ ಮೇಲೆ ಮೂಗೆತ್ತಿ, ಒಂದು ಕ್ಷಣ ನಿಂತಂತಾಗಿ, ಆಚೆಗೆ ಇಳಿದು ಹೋಗುತ್ತಿತ್ತು. ಹಿಂದೆ ಉಳಿದ ನೊರೆಯ ಗೆರೆಯನ್ನು ಹಿಡಿದು ಉಳಿದ ದೋಣಿಗಳು ಸಾಗುತ್ತಿದ್ದವು. ಯಾರೂ ಅದಕ್ಕೆ ಫ್ರೆಂಚು ಹೆಸರು ಇಟ್ಟಿರಲಿಲ್ಲ. ದಾರಿ ಇಲ್ಲದಲ್ಲಿ ಹೋಗುವುದು ಕೆಲವರ ಹೊಟ್ಟೆಪಾಡು, ಕೆಲವರ ರಜೆ. ಇಸ್ಮಾಯಿಲನದು ಎರಡೂ ಅಲ್ಲ. ಗೋಡೆಯೊಳಗಿನ ಒಂದೇ ದಾರಿಯಲ್ಲಿ ಆಯುಷ್ಯದ ಒಳ್ಳೆಯ ಭಾಗ ಓಡಾಡಿದ ಮನುಷ್ಯನಿಗೆ ಒಂದು ಇಳಿಜಾರಿನಷ್ಟು ಬಯಲು ಬೇಕಿತ್ತು. ಅದನ್ನು ನಾವು ತಪ್ಪು ಊರಿನಲ್ಲಿ ಹುಡುಕಿದರೆ? ಕಾಲು ಜನವರಿಯವರೆಗೆ ಮಾತ್ರ ಅವನದು.

ತೀರ್ಮಾನವಾಗದೆ ದೀಪಾವಳಿ ಕಳೆಯಿತು. ಕೊನೆಗೆ ನಾಗೇಶ, ಪ್ರಸಾದ ಕೇಳಿಬಿಡೋಣ ಎಂದ.

ನಮ್ಮ ಕಡೆ ಹೆಣ್ಣು ನೋಡುವುದಿರಲಿ, ಬಾವಿ ತೋಡುವುದಿರಲಿ, ಕೆಲವು ಗುಡಿಗಳಲ್ಲಿ ದೇವರನ್ನು ಕೇಳುವ ಕ್ರಮವಿದೆ. ಭಟ್ಟರು ಒದ್ದೆ ಹೂವಿನ ಎಸಳುಗಳನ್ನು ಮೂರ್ತಿಯ ಬಲಕ್ಕೂ ಎಡಕ್ಕೂ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ಬಲದ ಎಸಳು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಬೇಡ. ಮಿರ್ಜಾನದ ಆಚೆ, ಅಘನಾಶಿನಿಯ ಗದ್ದೆಗಳ ಅಂಚಿನಲ್ಲಿರುವ ಒಂದು ಅಮ್ಮನವರ ಗುಡಿಗೆ ನಾವು ಆರೂ ಜನ ಹೋದೆವು. ಇಸ್ಮಾಯಿಲ್ ಎದುರಿನ ಚಾ ಅಂಗಡಿಯ ಬೆಂಚಿನಲ್ಲಿ ಕಾಲು ಚಾಚಿ ಕುಳಿತ. ತನ್ನ ಕೇಸಿಗೆ ತಾನು ಬಾರದಿದ್ದರೂ ನಡೆಯುತ್ತದೆ, ವಕೀಲರು ಐದು ಮಂದಿ ಇದ್ದಾರಲ್ಲ ಎಂದ.

ಭಟ್ಟರು ಏನು ಕೆಲಸ ಎಂದು ವಿಚಾರಿಸಿದರು. ನಾಗೇಶ ವಿವರಿಸಿದ. ಹಿಮ, ಗುಡ್ಡ, ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವುದು.

"ಜಾರಿ ಬೀಳೂಕೆ ಅಪ್ಪಣೆ ಕೇಳೂಕೆ ಬಂದದ್ದು ನೀವೇ ಮೊದಲು" ಎಂದರು ಭಟ್ಟರು.

ಬಲಕ್ಕೆ ಬಿದ್ದರೆ ಗುಲ್ಮಾರ್ಗ, ಎಡಕ್ಕೆ ಬಿದ್ದರೆ ಔಲಿ ಎಂದು ನಾಗೇಶ ಏರ್ಪಾಟು ಸೂಚಿಸಿದ. ಭಟ್ಟರಿಗೆ ಸಿಟ್ಟು ಬಂತು. "ಅಮ್ಮ ಎಂತ ನಿಮ್ಮ ಟ್ರಾವೆಲ್ ಏಜೆಂಟಾ? ಹೌದು, ಅಲ್ಲ, ಅಷ್ಟೇ ಹೇಳೂದು ಅವಳು. ಒಂದು ಊರು ಹೇಳಿ."

ಗುಲ್ಮಾರ್ಗ ಎಂದೆವು. ಎಸಳು ಅಂಟಿತು. ನಾವು ಕೈಮುಗಿದು ನಿಂತೆವು. ಎಸಳು ಅಲ್ಲಾಡಲಿಲ್ಲ. ಕರೆಂಟು ಇರಲಿಲ್ಲ, ಸೆಕೆ, ಗಂಟೆಯ ಹಗ್ಗದ ಮೇಲೆ ಒಂದು ಇರುವೆ ಹತ್ತುವುದೂ ಇಳಿಯುವುದೂ ಮಾಡುತ್ತಿತ್ತು. ನಮ್ಮ ತಂಡದ ಒಬ್ಬರು ಕಾಲು ಬದಲಿಸಿದರು, ಇನ್ನೊಬ್ಬರು ಆಕಳಿಸಿ ಕೆನ್ನೆ ತಟ್ಟಿಕೊಂಡರು. ಎರಡೂ ಬೀಳದಿದ್ದರೆ ಅರ್ಥವೇನು ಎಂದು ಕೇಳಬೇಕೆನಿಸಿ, ಕೇಳಿದರೆ ಅದೇ ಅಪಶಕುನವಾದೀತೆಂದು ಸುಮ್ಮನಿದ್ದೆ. ಅಷ್ಟರಲ್ಲಿ ಕರೆಂಟು ಬಂತು. ಹೊರಗಿನ ಚೌಕಿಯ ನಿಲುವಿನ ಫ್ಯಾನು ಕಟಕಟ ಎಂದು ತಿರುಗಿ ಇತ್ತ ಮುಖ ಮಾಡಿತು. ಬಲದ ಎಸಳು ಬಿತ್ತು.

ನಾವು ಐವರೂ ಫ್ಯಾನನ್ನು ನೋಡಿದೆವು.

"ಇದು... ಫ್ಯಾನಿನ ಗಾಳಿಗೆ ಬಿದ್ದದ್ದಲ್ವಾ ಭಟ್ರೇ?" ಎಂದೆ ನಾನು. ಇಂಥ ಪ್ರಶ್ನೆಗಳು ನನ್ನ ಬಾಯಿಂದಲೇ ಬರುತ್ತವೆ.

"ಕರೆಂಟು ಕಳಿಸಿದ್ದು ಯಾರು?" ಎಂದರು ಭಟ್ಟರು. "ಆತು, ಹೊರಡಿ. ಬಲ ಆಯ್ದು."

ಸಂಭ್ರಮದಿಂದ ಚಾ ಅಂಗಡಿಗೆ ಬಂದು ಇಸ್ಮಾಯಿಲನಿಗೆ ಸುದ್ದಿ ಹೇಳಿದೆವು. ಅವನು ಚಾ ಮುಗಿಸಿ ಗ್ಲಾಸು ಬದಿಗಿಟ್ಟು, ಸರಿ, ಹಿಮ ಬೀಳುತ್ತದಂತೋ ಎಂದು ಕೇಳಿದ.

ನಾವು ಯಾವ ಊರು ಎಂದು ಕೇಳಿದ್ದೆವು. ಹಿಮದ ವಿಷಯ ಕೇಳಿರಲಿಲ್ಲ. ಐದು ಜನ, ಕೈಮುಗಿದು, ಅಷ್ಟು ಹೊತ್ತು ನಿಂತು, ಬೇಕಾದ ಒಂದೇ ಪ್ರಶ್ನೆಯನ್ನು ಬಿಟ್ಟು ಬಂದಿದ್ದೆವು. ಮತ್ತೆ ಒಳಗೆ ಹೋಗಲು ಭಟ್ಟರ ಹೆದರಿಕೆ.

"ನಿಮ್ಮನ್ನ ವಕೀಲರು ಮಾಡಿದ್ನಲ್ಲ" ಎಂದು ಇಸ್ಮಾಯಿಲ್ ಎದ್ದು ಕುಂಟುತ್ತ ಕಾರಿನ ಕಡೆ ನಡೆದ.

ಗುಲ್ಮಾರ್ಗದಲ್ಲಿ ಹಿಮ ಇರಲಿಲ್ಲ. ನಾನು ಕ್ಯಾಮೆರಾದಲ್ಲಿ ನೋಡುತ್ತಿದ್ದ ಹುಲ್ಲೇ ಅಲ್ಲಿ ಇತ್ತು, ಗುರುತಿನ ಹುಲ್ಲು. ಮೇಲಿನ ಕೇಬಲ್ ಕಾರು ಗಾಳಿಗೆ ನಿಂತಿತ್ತು. ನಾವು ಕುದುರೆಯವರ ಜೊತೆ ಹರಟೆ ಹೊಡೆದೆವು, ಅಲ್ಲಿನ ಕೇಸರಿ ಚಾ, ಕಹ್ವಾ ಕುಡಿದೆವು, ನಾನು ತಂದ ಮಾತ್ರೆಗಳನ್ನು ಎಲ್ಲರಿಗೂ ಹಂಚಿದೆ. ಇಸ್ಮಾಯಿಲ್ ಬೆಳಿಗ್ಗೆ ಬೂಟು ಹಾಕಿಕೊಂಡು ಹೊಟೇಲಿನ ಎದುರು ಕೂರುತ್ತಿದ್ದ, ಸಂಜೆ ಬಿಚ್ಚುತ್ತಿದ್ದ. ನಾಗೇಶನಂತೂ ಹರಿದ್ವಾರದ ಹೆಸರನ್ನೇ ಎತ್ತಲಿಲ್ಲ. ಅದು ಅವನ ಸ್ನೇಹಕ್ಕೆ ಸಾಕ್ಷಿ.

ಹೊರಡುವ ಮುಂಚಿನ ದಿನ ಊಟ ಮುಗಿಸಿ ಹೊರಗೆ ಬಂದರೆ ಬೆಳಕು ಬೂದಿಬಣ್ಣಕ್ಕೆ ತಿರುಗಿತ್ತು. ಯಾರೋ ಮೇಲಿನಿಂದ ಹತ್ತಿ ಹಿಂಜುತ್ತಿರುವಂತೆ ಬೀಳತೊಡಗಿತು. ಇಸ್ಮಾಯಿಲ್ ಎದ್ದು ನಿಂತ. ಅವನು ಕುಣಿಯುತ್ತಾನೆಂದು ನಾವು ಕಾದೆವು. ಅವನು ಕೋಟಿನ ತೋಳಿನ ಮೇಲೆ ಕೂತ ಹಿಮವನ್ನು ಮೂಗಿನ ಹತ್ತಿರ ಒಯ್ದು ಮೂಸಿದ.

"ವಾಸನೆಯೇ ಇಲ್ಲ ಮಾರಾಯ" ಎಂದ. "ದುಬೈಯಲ್ಲಿ ಪಾಪ್‌ಕಾರ್ನ್ ವಾಸನೆ ಬರ್ತಿತ್ತು."

ರಾತ್ರಿಯಿಡೀ ಹಿಮ ಸುರಿದು, ಮರುದಿನ ಬೆಳಿಗ್ಗೆ ಗಾಳಿ ಅಡಗಿ ಬಿಸಿಲು ಬಿದ್ದಿತ್ತು. ಊರಿನವನೇ ಆದ ಗೈಡ್ ಇಸ್ಮಾಯಿಲನ ಮೊಣಕಾಲನ್ನೂ ಗುಡ್ಡವನ್ನೂ ಸಮಾನ ಅನುಮಾನದಿಂದ ನೋಡಿ, ತೀರ ಮೇಲೆ ಬೇಡವೆಂದು ಪೈನ್ ಮರಗಳ ನಡುವಿನ ಒಂದು ಸಣ್ಣ ಇಳಿಜಾರನ್ನು ಆರಿಸಿದ. ಕೆಳಗೆ ಹುಲ್ಲುಗಾವಲು, ಬಂಡೆಗಳಿಲ್ಲ. ನಮ್ಮನ್ನು ಇಳಿಜಾರಿನ ಅರ್ಧದಲ್ಲಿ, ನಡೆಯುವ ದಾರಿಯ ಅಂಚಿಗೆ ನಿಲ್ಲಿಸಿದರು. ಬಾಡಿಗೆಯ ಗಮ್‌ಬೂಟಿನಲ್ಲಿ ನಾವು ಐವರು ಸಾಲಾಗಿ ನಿಂತೆವು. ಎದುರಿಗೆ ಒಂದು ಕಾಗೆಯ ಕಾಲ ಗುರುತೂ ಇಲ್ಲದ ಬಿಳುಪು.

ಗೈಡ್ ಮೊದಲು ಮರಗಳ ಬದಿಯಿಂದ ಇಳಿದು ಕೆಳಗೆ ನಿಂತು ಕೈ ಎತ್ತಿದ. ಇಸ್ಮಾಯಿಲ್ ಹೊರಟ. ಮೊದಲ ತಿರುವಿನಲ್ಲಿ ತಡವರಿಸಿದ. ಇದು ತಟ್ಟಿದ ನೆಲವಲ್ಲ, ಹಿಟ್ಟಿನಂತೆ ಕಾಲು ನುಂಗುತ್ತದೆ. ನಾನು ಕಣ್ಣು ಮುಚ್ಚಿ ಮತ್ತೆ ತೆರೆದೆ. ಎರಡನೆಯ ತಿರುವಿಗೆ ಅವನ ಭುಜ ಸಡಿಲವಾಯಿತು. ಆಮೇಲೆ ಅದು ನಾವು ಬಲ್ಲ ಕುಂಟುವ ಇಸ್ಮಾಯಿಲ್ ಅಲ್ಲ. ಎಡಕ್ಕೆ, ಬಲಕ್ಕೆ, ಅವಸರವಿಲ್ಲದೆ, ಹಿಂದೆ ಪುಡಿ ಹಾರಿಸುತ್ತ ನಮ್ಮೆದುರಿನಿಂದ ಹಾದುಹೋದ. ಹಾದುಹೋಗುವಾಗ ತನ್ನ ಮನೆಮಾತಾದ ನವಾಯತಿಯ ಯಾವುದೋ ಹಾಡು ಗುನುಗುತ್ತಿದ್ದದ್ದು ಕೇಳಿಸಿತು. ಸಮತಟ್ಟು ಬಂದಲ್ಲಿ ನಿಂತ. ಒಂದು ಚಾ ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ.

ನಿಂತವನು ಹಾಗೇ ಮುಂದಕ್ಕೆ ಬಾಗಿ ಎರಡೂ ಕೈ ಮೊಣಕಾಲ ಮೇಲಿಟ್ಟ. ಏಳಲಿಲ್ಲ.

ಹೋಯಿತು ಎಂದುಕೊಂಡೆ. ಮೊಣಕಾಲು ಹೋಯಿತು. ಜೇಬಿನಲ್ಲಿ ನೋವಿನ ಸ್ಪ್ರೇ ಇತ್ತು. ನಾನು ಓಡಿದೆ. ಬದಿಯ ಹಿಮದಲ್ಲಿ ಕಾಲಿಟ್ಟರೆ ತೊಡೆಯವರೆಗೆ ಹೂತು ಹೋಗುತ್ತಿತ್ತು, ಸ್ಕೀ ಹಾದುಹೋದ ಗೆರೆ ಮಾತ್ರ ತುಸು ಗಟ್ಟಿ. ಆ ಗೆರೆಯನ್ನೇ ಹಿಡಿದು, ಅದರ ಒಂದೊಂದು ತಿರುವನ್ನೂ ತಪ್ಪದೆ, ದಪದಪ ಇಳಿದು ಅವನ ಬಳಿ ತಲುಪಿ, ಏನಾಯಿತು, ಎಲ್ಲಿ ನೋವು ಎಂದೆ.

ಅವನು ತಲೆ ಎತ್ತಿದ. ಮುಖ ಕೆಂಪಾಗಿತ್ತು, ಕಣ್ಣು ಒದ್ದೆಯಾಗಿತ್ತು. ನೋವೇನೂ ಇರಲಿಲ್ಲ. ಉಸಿರು ಹಿಡಿದುಕೊಳ್ಳುತ್ತಿದ್ದನಂತೆ, ಜೊತೆಗೆ ತಿರುಗಿ ನೋಡುವುದನ್ನು ಬೇಕೆಂದೇ ಮುಂದೂಡುತ್ತಿದ್ದನಂತೆ. ದುಬೈಯ ಆ ಹಾಲಿನಲ್ಲಿ ದಿನಾ ಬಾಗಿಲು ಮುಚ್ಚಿದ ಮೇಲೆ ಯಂತ್ರ ಬಂದು ಎಲ್ಲವನ್ನೂ ಸಮ ಮಾಡಿಬಿಡುತ್ತಿತ್ತು. ಅಷ್ಟು ವರ್ಷದಲ್ಲಿ ಅವನು ತನ್ನದೇ ಎಂದು ಹೇಳಬಹುದಾದ ಒಂದು ಗೆರೆಯನ್ನೂ ನೋಡಿರಲಿಲ್ಲ. ಇದನ್ನು ಹೇಳುತ್ತಲೇ ಅವನು ತಿರುಗಿದ.

ಮೇಲೆ, ನಾವು ನಿಂತಿದ್ದಲ್ಲಿಯವರೆಗೆ, ಗೆರೆ ನೀರಿನಲ್ಲಿ ಬರೆದಷ್ಟು ನುಣುಪಾಗಿತ್ತು. ಅಲ್ಲಿಂದ ಕೆಳಕ್ಕೆ ನಮ್ಮ ಕಾಲ ಬುಡದವರೆಗೆ, ಗಮ್‌ಬೂಟಿನ ಹೊಂಡಗಳು.

ಅವನು ಹೊಂಡಗಳನ್ನು ಒಂದೊಂದಾಗಿ ನೋಡುತ್ತ ನನ್ನ ಬೂಟಿನವರೆಗೆ ಬಂದ. ನಾನು ಸ್ಪ್ರೇಯನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ.

"ಯಾರೂ ಹೋಗದ ಜಾಗ ಹುಡ್ಕಿ ಇಷ್ಟು ದೂರ ಬಂದ್ವಲ್ಲ" ಎಂದ ಕೊನೆಗೆ, ನನ್ನ ಹೆಗಲಿಗೆ ಕೈಹಾಕಿ ಎಡಗಾಲನ್ನು ಜೋಪಾನವಾಗಿ ಎತ್ತುತ್ತ. "ನೀನು ಒಂದೇ ಗಳಿಗೆಗೆ ಕುಮಟಾ ಬಸ್‌ಸ್ಟ್ಯಾಂಡ್ ಮಾಡಿಟ್ಯಲ್ಲ ಮಾರಾಯ."